ಸಿದ್ದರಾಮು ಮೇಷ್ಟ್ರು ಮತ್ತು ಮೂರು ಪಡೆಗಳು

ಸಿದ್ದರಾಮು ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಶಿಂಷಾ ಹೊಳೆ ಹರಿಯುವ ಮದ್ದೂರಿನಲ್ಲಿ ಇಪ್ಪತ್ತೇಳು ವರ್ಷ ಪಾಠ ಹೇಳಿದ ಈ ಮನುಷ್ಯ, ನೀರು ಮೊಣಕಾಲು ಮುಟ್ಟಿದರೆ ಎರಡು ಹೆಜ್ಜೆ ಹಿಂದಕ್ಕೆ ಬರುತ್ತಿದ್ದರು. ಅಭಿನಂದನ ಗ್ರಂಥದ ಲೇಖನವನ್ನು ಹೀಗೆ ಶುರು ಮಾಡುವ ವಾಡಿಕೆ ಇಲ್ಲ. ಆದರೆ ಅವರ ಸೇವೆಯ ಬಗ್ಗೆ ನಾನು ಹೇಳಬೇಕಾಗಿರುವ ಮುಖ್ಯ ಸಂಗತಿಗೆ ಇದೊಂದು ಕಾರಣ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಬರೀ ಹೊಗಳಿಕೆಯಾಗುತ್ತದೆ.

ಮಂಡ್ಯ ಜಿಲ್ಲೆಯಲ್ಲಿ ಎನ್.ಸಿ.ಸಿ. ನಡೆಸಿದ ಉಪನ್ಯಾಸಕರು ಅನೇಕರಿದ್ದಾರೆ. ಧ್ವಜಾರೋಹಣದ ಕವಾಯತು, ಮಂತ್ರಿಗಳು ಬಂದಾಗ ಗೌರವವಂದನೆ, ವರ್ಷಕ್ಕೊಂದು ಶಿಬಿರ, ಇಷ್ಟಕ್ಕೆ ಅದನ್ನು ಮುಗಿಸಿದವರೇ ಹೆಚ್ಚು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಯ ಮಕ್ಕಳಿಗೆ ಅದನ್ನು ಸೇನೆಯವರೆಗಿನ ದಾರಿಯನ್ನಾಗಿ ಮಾಡಿಕೊಟ್ಟವರು, ನನಗೆ ತಿಳಿದಂತೆ, ಸಿದ್ದರಾಮು ಅವರೊಬ್ಬರೇ. ಈ ಕಡೆಯ ಯಾವುದಾದರೂ ಊರಿನಲ್ಲಿ ರಜೆಗೆ ಬಂದ ಸೈನಿಕನನ್ನು ನಿಲ್ಲಿಸಿ ಕೇಳಿದರೆ, ಎರಡನೆಯ ಮಾತಿಗೆ ಅವರ ಹೆಸರು ಬರುತ್ತದೆ.

ಅವರು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇನಾ ಭರ್ತಿಗೆ ಹೋಗಿ ಎದೆಯ ಸುತ್ತಳತೆ ಸಾಲದೆ ವಾಪಸು ಬಂದರು. ಮರುವರ್ಷವೂ ಹಾಗೆಯೇ ಆಯಿತು, ಅದರ ಮರುವರ್ಷವೂ. ಆಮೇಲೆ ಓದಿನ ಕಡೆ ತಿರುಗಿ, ಇತಿಹಾಸದಲ್ಲಿ ಎಂ.ಎ. ಮಾಡಿ, ನಮ್ಮ ಪದವಿಪೂರ್ವ ಕಾಲೇಜಿಗೆ ಉಪನ್ಯಾಸಕರಾಗಿ ಬಂದರು. ಬಂದ ವರ್ಷವೇ ಎನ್.ಸಿ.ಸಿ. ಜವಾಬ್ದಾರಿಯನ್ನು ಕೇಳಿ ಪಡೆದರು. ಬೇರೆಯವರು ತಪ್ಪಿಸಿಕೊಳ್ಳಲು ನೋಡುವ ಕೆಲಸ ಅದು. ತಮಗೆ ಸಿಗದೆ ಹೋದದ್ದನ್ನು ಮಕ್ಕಳಿಗೆ ಕೊಡಿಸಲು ಹೊರಟಿದ್ದೇನೆ ಎಂಬುದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ.

ಬೆಳಗ್ಗೆ ಐದೂವರೆಗೆ ಕಾಲೇಜು ಮೈದಾನದಲ್ಲಿ ಓಟ, ಆಮೇಲೆ ಅಡ್ಡಕಂಬಿ, ಆಮೇಲೆ ಬೇಯಿಸಿದ ಮೊಟ್ಟೆ. ಮೊಟ್ಟೆ ಅವರ ಮನೆಯದು. ಅವರ ಪತ್ನಿ ಶೋಭಾರಾಣಿಯವರು ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಸ್ಕೂಟರಿನ ಮುಂದೆ ಇಟ್ಟು ಕಳಿಸುತ್ತಿದ್ದರು. ಉಪನ್ಯಾಸಕರ ಕೊಠಡಿಯ ಮೂಲೆಯಲ್ಲಿ ಒಂದು ಗೋಣಿಚೀಲ ಇರುತ್ತಿತ್ತು. ಅದರ ತುಂಬ ಹಳೆಯ ಓಟದ ಬೂಟುಗಳು. ಸೇನೆಗೆ ಸೇರಿದವನು ತನ್ನ ಹಳೆಯ ಬೂಟನ್ನು ತೊಳೆದು ಆ ಚೀಲಕ್ಕೆ ಹಾಕಿ ಹೋಗಬೇಕು, ಹೊಸದಾಗಿ ಬಂದವನು ತನ್ನ ಅಳತೆಯದನ್ನು ಹುಡುಕಿಕೊಳ್ಳಬೇಕು. ಅದು ಅವರ ಪದ್ಧತಿ. ಯಾರ ಕಾಲಿಗೂ ಹೊಸ ಬೂಟಿಲ್ಲದ ಕಾರಣ ಬರಿಗಾಲಿನವನಿಗೆ ನಾಚಿಕೆಯ ಮಾತಿರಲಿಲ್ಲ.

ಹೆಣ್ಣುಮಕ್ಕಳನ್ನು ಅವರು ಘಟಕಕ್ಕೆ ಸೇರಿಸಿಕೊಳ್ಳಲು ಶುರುಮಾಡಿದಾಗ ಮೊದಲ ತಂಡದಲ್ಲಿ ನಾನೂ ಇದ್ದೆ. ಹತ್ತು ದಿನದ ಶಿಬಿರಕ್ಕೆ ನನ್ನನ್ನು ಕಳಿಸಲು ನಮ್ಮ ತಾತ ಮಾದಯ್ಯ ಒಪ್ಪಲಿಲ್ಲ. ಮೇಷ್ಟ್ರು ಮಳವಳ್ಳಿ ಬಸ್ಸು ಹಿಡಿದು ನಮ್ಮ ಊರಿಗೇ ಬಂದರು.

"ನಾನೇ ಕರ್ಕಂಡೋಗಿ ನಾನೇ ತಂದು ಬುಡ್ತೀನಿ ಯಜಮಾನ್ರೆ. ಬುಡ್ನಿಲ್ಲ ಅಂದ್ರೆ ನಿಮ್ಮಟ್ಟಿ ಬಾಗ್ಲಲ್ಲೇ ಬಂದು ಕೂತ್ಕತೀನಿ" ಅಂದರು.

"ಕೂತ್ಕಳಿ, ಬ್ಯಾಡ ಅನ್ನಕಿಲ್ಲ. ದಿನಾ ಮುದ್ದೆ ಇಕ್ಕೋರು ಯಾರು?" ಅಂದ ತಾತ.

"ಮೊಮ್ಮಗ್ಳು ಬಂದ್ಮೇಲೆ ಅವ್ಳೇ ಇಕ್ತಾಳೆ" ಎಂದು ಮೇಷ್ಟ್ರು ಎದ್ದರು. ನಾನು ಶಿಬಿರಕ್ಕೆ ಹೋದೆ. ಮುಂದೆ ಮಂಡ್ಯದ ಹಾಸ್ಟೆಲಿನಲ್ಲಿದ್ದು ಓದಲು, ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬರಲು ಆ ಹತ್ತು ದಿನಗಳೇ ಬಾಗಿಲು ತೆಗೆದವು. ಇದು ನನ್ನ ಮೇಲಿನ ಋಣ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವಾಗ ಕೈ ಅಳುಕುವುದಿಲ್ಲ.

ಪ್ರತಿವರ್ಷ ಜನವರಿ ಹದಿನೈದು, ಸೇನಾ ದಿನದಂದು, ಅವರು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಏರ್ಪಡಿಸುತ್ತಿದ್ದರು. ವಿಷಯ ಇಪ್ಪತ್ತೇಳು ವರ್ಷವೂ ಒಂದೇ: ದೇಶಕ್ಕೆ ಭೂಸೇನೆ ಮುಖ್ಯವೋ, ನೌಕಾಪಡೆ ಮುಖ್ಯವೋ, ವಾಯುಪಡೆ ಮುಖ್ಯವೋ. ಮೂರು ತಂಡ, ಬಹುಮಾನ ಒಂದು ಹಿತ್ತಾಳೆ ಚೊಂಬು, ತೀರ್ಪುಗಾರರು ಅವರೇ. ಚೆನ್ನಾಗಿ ಮಾತಾಡುವವರು ಭೂಸೇನೆಯ ತಂಡಕ್ಕೆ ಹೋಗುತ್ತಿದ್ದರು. ಬೆಳಗಿನ ಓಟಕ್ಕೆ ತಡವಾಗಿ ಬಂದವರಿಗೆ ಶಿಕ್ಷೆಯಾಗಿ ನೌಕಾಪಡೆ. ಚೊಂಬು ಒಂದು ವರ್ಷವೂ ಭೂಸೇನೆಯ ಕೈ ಬಿಟ್ಟು ಹೋಗಲಿಲ್ಲ.

ಕೊನೆಗೆ ಅವರು ಹೇಳುತ್ತಿದ್ದ ಮಾತು ನಮಗೆಲ್ಲ ಬಾಯಿಪಾಠ. "ಗದ್ದೆಗೆ ಪಂಪ್‌ಸೆಟ್ಟು ಬೇಕು, ಟ್ರ್ಯಾಕ್ಟ್ರೂ ಬೇಕು, ಇಲ್ಲ ಅನ್ನಲ್ಲ. ಆದ್ರೆ ಪಕ್ಕದೋನು ಬದು ಒತ್ತರಿಸ್ಕಂಡು ಬಂದಾಗ ಪಂಪ್‌ಸೆಟ್ಟು ಓಗಿ ಅಡ್ಡ ನಿಂತ್ಕತದಾ? ಬದಿನ್ ಮ್ಯಾಲೆ ಮನ್ಸ ನಿಲ್ಬೇಕು ಕಣ್ರಪ್ಪ. ದೇಸನೂ ಅಷ್ಟೆ. ಕಾಲಾಳು ನಿಂತ್ರೆ ದೇಸ."

ಕಬ್ಬಿನ ಗದ್ದೆಗಳ ನಡುವೆ ಬೆಳೆದವರಿಗೆ ಈ ವಾದದಲ್ಲಿ ತಪ್ಪು ಕಾಣಿಸುವುದು ಕಷ್ಟ. ನನಗೂ ಕಾಣಿಸಿರಲಿಲ್ಲ. ಹಾಸ್ಟೆಲಿನ ಗ್ರಂಥಾಲಯದಲ್ಲಿ ಯುದ್ಧಗಳ ಚರಿತ್ರೆಯ ನಾಲ್ಕು ಪುಸ್ತಕ ಓದಿದ ಮೇಲೆ, ಒಂದು ಪಡೆ ಸೋತ ಕಡೆ ಇನ್ನೊಂದು ಪಡೆ ತಡವಾಗಿ ಬಂದಿತ್ತು ಎಂಬುದಷ್ಟೇ ಮತ್ತೆ ಮತ್ತೆ ಕಂಡಿತು. ಅದನ್ನು ಅವರಿಗೆ ಹೇಳಿದೆ. "ಪುಸ್ತಕದೋರಿಗೆ ಬದು ಇರಕಿಲ್ಲ ಕಣಮ್ಮ" ಎಂದು ನಕ್ಕರು.

ಪುಸ್ತಕದವಳಾದ ನಾನಲ್ಲದೆ ಅವರದೇ ಶಿಷ್ಯರೊಬ್ಬರು ಅದನ್ನೇ ಹೇಳಿದಾಗಲೂ ಒಪ್ಪಲಿಲ್ಲ. ಅವರ ಹೆಸರು ಯತೀಶ್, ಭೂಸೇನೆಯಲ್ಲಿ ಹವಾಲ್ದಾರ್, ಹಿಮದ ಗಡಿಯಲ್ಲಿ ಎರಡು ಚಳಿಗಾಲ ಕಳೆದು ರಜೆಗೆ ಬಂದಿದ್ದರು. ಆ ವರ್ಷದ ಚರ್ಚೆಗೆ ಅವರೇ ಮುಖ್ಯ ಅತಿಥಿ. ಮೇಷ್ಟ್ರ ಬದುವಿನ ಮಾತು ಮುಗಿದ ಮೇಲೆ ಎದ್ದು ನಿಂತರು.

"ಸಾರ್, ಬದಿನ್ ಮ್ಯಾಲೆ ನಿಂತಿದ್ದೋನು ನಾನೇ. ರಸ್ತೆ ಮುಚ್ಚೋದ್ರೆ ತಿಂಗ್ಳುಗಟ್ಲೆ ತೆಗ್ಯಕಿಲ್ಲ. ಅಕ್ಕಿ, ಸೀಮೆಎಣ್ಣೆ, ಕಾಗ್ದ, ಎಲ್ಲಾ ಮ್ಯಾಲಿಂದ ಬೀಳ್ಬೇಕು. ಎಲಿಕಾಪ್ಟ್ರು ಬರ್ನಿಲ್ಲ ಅಂದ್ರೆ ನಿಮ್ ಕಾಲಾಳು ನಿಂತೇ ಇರ್ತಾನೆ ಸಾರ್, ಉಸ್ರು ಇರಕಿಲ್ಲ ಅಷ್ಟೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು. ಆಮೇಲೆ ಚೊಂಬನ್ನು ಭೂಸೇನೆಯ ತಂಡಕ್ಕೆ ಕೊಟ್ಟರು.

ಅದೇ ದಿನ ನೌಕಾಪಡೆಯ ಪರವಾಗಿ ಮಾತಾಡಿದವನು ಆತಗೂರಿನ ಕಡೆಯ ಸ್ವರೂಪ್. ಎರಡನೆಯ ಪಿ.ಯು.ಸಿ., ವಿಜ್ಞಾನ ವಿಭಾಗ. ಅವನು ತಡವಾಗಿ ಬಂದು ಶಿಕ್ಷೆಗೆ ಸಿಕ್ಕಿದವನಲ್ಲ. ಕೈ ಎತ್ತಿ ನೌಕಾಪಡೆಯನ್ನು ಕೇಳಿಕೊಂಡವನು. ಶಿಂಷಾ ತುಂಬಿ ಹರಿಯುವಾಗ ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದ. ಮಾತಿನಲ್ಲಿ ಅಲಂಕಾರ ಇರಲಿಲ್ಲ.

"ನಮ್ಮಪ್ಪ ಕಬ್ಬಿಗಾಕೋ ಪೊಟ್ಯಾಶು ಸಮುದ್ರದ್ ಮ್ಯಾಲೆ ಅಡಗಲ್ಲಿ ಬತ್ತದೆ. ನಾನು ಕಾಲೇಜ್ಗೆ ಬರೋ ಬಸ್ಸಿನ್ ಡೀಸೆಲ್ಲೂ ಅಡಗಲ್ಲೇ ಬತ್ತದೆ. ಸಮುದ್ರದಲ್ಲಿ ದಾರಿ ಕಾಯೋನು ಇಲ್ದಿದ್ರೆ ಬದು ಇರ್ತದೆ ಸಾರ್, ಬೆಳೆ ಇರಕಿಲ್ಲ."

ಸಭೆಯಲ್ಲಿ ಯಾರೋ "ಬದೂಗೇ ಬಂದ್ನಲ್ಲೋ ಇವ್ನು!" ಎಂದು ಕೂಗಿದರು. ಮೇಷ್ಟ್ರು ಅವನ ಬೆನ್ನು ತಟ್ಟಿ, "ಬಾಯಿ ಚೆನ್ನಾಗದೆ. ನಾಳಿಂದ ಕಂಬಿಗೆ ನೇತಾಡು" ಅಂದರು.

ಕಂಬಿಗೆ ನೇತಾಡು ಎಂದದ್ದು ಅವನ ಎತ್ತರಕ್ಕಾಗಿ. ಭೂಸೇನೆಯ ಅಳತೆಗೆ ಸ್ವರೂಪ್ ಎರಡು ಬೆರಳು ಗಿಡ್ಡ. ದಿನವೂ ಕಂಬಿಗೆ ಜೋತುಬಿದ್ದರೆ ಬೆನ್ನುಮೂಳೆ ಸಡಿಲವಾಗಿ ಎತ್ತರ ಬರುತ್ತದೆ ಎಂಬುದು ಈ ಕಡೆಯ ಭರ್ತಿ ತರಬೇತಿಗಳಲ್ಲಿ ಎಲ್ಲರೂ ನಂಬಿರುವ ಮಾತು. ಕೆಲವರಿಗೆ ಬಂದದ್ದೂ ಉಂಟು. ಅವರು ಇನ್ನೂ ಬೆಳೆಯುವ ವಯಸ್ಸಿನವರು. ನೌಕಾಪಡೆಗೆ ಸ್ವರೂಪನ ಎತ್ತರ ಇದ್ದಷ್ಟೇ ಸಾಕಾಗಿತ್ತು. ಇದು ಅವನಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಅವನಿಗೆ ಬೇಕಿದ್ದದ್ದು ನೌಕಾಪಡೆ. ಅದನ್ನು ಅವನು ಬಾಯಿಬಿಟ್ಟು ಹೇಳಿಯೂ ಇದ್ದ.

ಈಗ ಅರ್ಜಿಗಳ ವಿಚಾರ. ಭರ್ತಿಯ ಅರ್ಜಿಗಳು ಇಂಟರ್ನೆಟ್ಟಿಗೆ ಬಂದ ಮೇಲೆ ಮೇಷ್ಟ್ರು ಒಂದು ಏರ್ಪಾಡು ಮಾಡಿಕೊಂಡರು. ಹಳ್ಳಿಯ ಮಕ್ಕಳ ಮೊಬೈಲ್ ಸಂಖ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಎಲ್ಲಿ ಅಗ್ಗದ ರೀಚಾರ್ಜ್ ಇದೆಯೋ ಅಲ್ಲಿಗೆ ಸಿಮ್ ಹೋಗುತ್ತದೆ. ಹಿಂದೆ ಇಬ್ಬರಿಗೆ ಪ್ರವೇಶಪತ್ರ ಹಳೆಯ ಸಂಖ್ಯೆಗೆ ಬಂದು ಪರೀಕ್ಷೆ ತಪ್ಪಿತ್ತು. ಅಂದಿನಿಂದ ಎಲ್ಲ ಅರ್ಜಿಗಳಿಗೂ ಮೇಷ್ಟ್ರು ತಮ್ಮದೇ ಸಂಖ್ಯೆ, ತಮ್ಮದೇ ಈಮೇಲ್ ಕೊಟ್ಟರು. ಶನಿವಾರ ಮಧ್ಯಾಹ್ನ ಮದ್ದೂರಿನ ಒಂದು ಸೈಬರ್ ಅಂಗಡಿಯಲ್ಲಿ ಕೂತು ಎಲ್ಲರ ಅರ್ಜಿಯನ್ನೂ ಒಟ್ಟಿಗೆ ಹಾಕುತ್ತಿದ್ದರು. ಮಕ್ಕಳು ಅಂಕಪಟ್ಟಿ, ಆಧಾರ್ ಕೊಟ್ಟು ಮನೆಗೆ ಹೋಗುತ್ತಿದ್ದರು. "ಮೇಷ್ಟ್ರು ಆಕವ್ರೆ" ಎಂದರೆ ಆಯಿತು, ಮುಂದೆ ಯಾರೂ ಕೇಳುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಶನಿವಾರಗಳಲ್ಲಿ ಅವರ ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದವಳು ನಾನು.

ಒಳ್ಳೆಯ ಏರ್ಪಾಡು. ಅದರಿಂದ ಯಾರ ಪ್ರವೇಶಪತ್ರವೂ ಮತ್ತೆ ತಪ್ಪಲಿಲ್ಲ. ಆದರೆ ಯಾರು ಯಾವ ಪಡೆಗೆ ಹೋಗಬೇಕು ಎಂಬುದೂ ಆ ಏರ್ಪಾಡಿನಿಂದಲೇ ಒಬ್ಬರ ಕೈಗೆ ಬಂತು.

ಮೊದಲ ವರ್ಷ ಸ್ವರೂಪ್ ಭೂಸೇನೆಯ ಭರ್ತಿಯಲ್ಲಿ ಓಟದಲ್ಲಿ ಮುಂದೆ ಬಂದು ಎತ್ತರದಲ್ಲಿ ಹೊರಗೆ ಬಿದ್ದ. ಎರಡನೆಯ ವರ್ಷವೂ ಅದೇ. ನೌಕಾಪಡೆಯ ಪ್ರಕಟಣೆ ಬಂದಾಗಲೆಲ್ಲ ಕೇಳಿದ. ಮೇಷ್ಟ್ರ ಉತ್ತರ ಪ್ರತಿಸಲವೂ ಒಂದೇ: "ಅದ್ನ ನಾನು ನೋಡ್ಕತೀನಿ. ನೀನು ಕಂಬಿ ಬುಡಬ್ಯಾಡ." ಒಂದು ಶನಿವಾರ ನಾನೇ, "ಸಾರ್, ಸ್ವರೂಪನದು ನೇವಿಗೂ ಹಾಕಿಬಿಡೋಣ್ವಾ? ಇವತ್ತು ಕೊನೇ ದಿನ" ಎಂದೆ. "ಬ್ಯಾಡ ಕಣಮ್ಮ. ಅಲ್ಲೊಂದು ಬಾಗ್ಲು ತೆಗ್ದದೆ ಅಂತ ಗೊತ್ತಾದ್ರೆ ಇಲ್ಲಿ ಮೈ ಬಗ್ಗಿಸಕಿಲ್ಲ. ಇನ್ನೊಂದು ವರ್ಸ, ಬತ್ತದೆ ಎತ್ರ" ಎಂದರು. ನಾನು ಮುಂದಿನ ಹುಡುಗನ ಅಂಕಪಟ್ಟಿ ತೆಗೆದುಕೊಂಡೆ. ನಾನು ಮಾಡಿದ್ದು ಇಷ್ಟೇ; ಇಷ್ಟು ಸಾಕಾಯಿತು. ಮೂರನೆಯ ವರ್ಷವೂ ಎತ್ತರ ಬರಲಿಲ್ಲ.

ಮೇಷ್ಟ್ರ ನಿವೃತ್ತಿಗೆ ಐದು ವಾರ ಇರುವಾಗ ಸ್ವರೂಪ್ ಮಂಡ್ಯಕ್ಕೆ ಹೋಗಿ ಬೇರೊಂದು ಸೈಬರ್ ಅಂಗಡಿಯಲ್ಲಿ ನೌಕಾಪಡೆಯ ಹೊಸ ಪ್ರಕಟಣೆಗೆ ತಾನೇ ಅರ್ಜಿ ಹಾಕಲು ಕೂತ. ಹುಟ್ಟಿದ ದಿನಾಂಕ ಒತ್ತಿದ ಕೂಡಲೇ ಅರ್ಜಿ ಮುಂದಕ್ಕೆ ಹೋಗಲಿಲ್ಲ. ವಯಸ್ಸಿನ ಮಿತಿ ದಾಟಿ ಇಪ್ಪತ್ತಮೂರು ದಿನವಾಗಿತ್ತು. ಮೇಷ್ಟ್ರು ಹಾಕಿದ್ದಾರೆ ಎಂದು ನಂಬಿದ್ದ ಹಿಂದಿನ ಅರ್ಜಿಗಳ ಗತಿ ಏನಾಯಿತು ಎಂದು ಹುಡುಕಿಸಿದ. ನೌಕಾಪಡೆಗೆ ಅವನ ಹೆಸರಿನಲ್ಲಿ ಹಿಂದೆ ಒಂದೂ ಅರ್ಜಿ ಹೋಗಿರಲಿಲ್ಲ.

ಮಾರನೆಯ ದಿನ ಅವನು ಉಪನ್ಯಾಸಕರ ಕೊಠಡಿಗೆ ಬಂದ. ಜೊತೆಯಲ್ಲಿ ಅವನ ತಾಯಿ ಹೊಂಬಾಳಮ್ಮ. ನಾನು ಉತ್ತರಪತ್ರಿಕೆ ತಿದ್ದುತ್ತ ಅಲ್ಲೇ ಇದ್ದೆ.

"ನೇವಿಗೆ ಒಂದ್ಸಲನೂ ಆಕಿಲ್ವಾ ಸಾರ್?" ಅಂದ.

ಮೇಷ್ಟ್ರು ಕನ್ನಡಕ ತೆಗೆದರು. "ಇಲ್ಲ ಕಣ್ಲಾ."

"ಯಾಕ್ಸಾರ್?"

"ನೀನು ಎತ್ರ ಆಯ್ತೀಯ ಅನ್ಕಂಡಿದ್ದೆ."

ಅವನು ಬೆಂಚಿನ ಮೇಲೆ ಕೂತ. ಮಾತಾಡಿದವರು ಹೊಂಬಾಳಮ್ಮ. "ನೀವು ಕೆಟ್ಟೋರಾಗಿದ್ರೆ ಚೆಂದಾಗಿತ್ತು ಮೇಷ್ಟ್ರೆ. ಆಗ ನಿಮ್ ಮಾತ ಕೇಳ್ಬ್ಯಾಡ ಕಣ್ಲಾ ಅಂತ ಇವ್ನಿಗೆ ನಾನೇ ಬೈಯ್ತಿದ್ದೆ. ಒಳ್ಳೇವ್ರು ಅಂತ ಸುಮ್ಕಿದ್ಬುಟ್ಟೆ."

"ಬೈಯಮ್ಮ, ಬೈದ್ಬುಡು" ಅಂದರು ಮೇಷ್ಟ್ರು.

"ಬೈದ್ರೆ ಅವ್ನ ವಯಸ್ಸು ಇಂದಕ್ಕೆ ಬತ್ತದಾ?" ಎಂದು ಆಕೆ ಮಗನ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು.

ಸ್ವರೂಪ್ ಈಗ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗಳಿಗೆ ಕಾಯಿ ತುಂಬುತ್ತಾನೆ. ದಾರಿಯಲ್ಲಿ ಸಿಕ್ಕಿದರೆ ಮೇಷ್ಟ್ರಿಗೆ ನಮಸ್ಕಾರ ಮಾಡುತ್ತಾನೆ, ನಿಲ್ಲುವುದಿಲ್ಲ.

ಆ ದಿನದ ನಂತರ ಸಿದ್ದರಾಮು ಅವರು ಮಾಡಿದ ಕೆಲಸಕ್ಕಾಗಿಯೇ ನಾನು ಈ ಲೇಖನ ಬರೆಯಲು ಒಪ್ಪಿದೆ. ತಪ್ಪು ಮಾಡಿದ ಹಿರಿಯರು ಸಾಮಾನ್ಯವಾಗಿ ಅದಕ್ಕೊಂದು ಒಳ್ಳೆಯ ಉದ್ದೇಶದ ಅಂಗಿ ತೊಡಿಸುತ್ತಾರೆ, ಇಲ್ಲವೇ ವಿಧಿಯ ಮೇಲೆ ಹಾಕುತ್ತಾರೆ. ಇವರು ಬೀರುವಿನಿಂದ ತಮ್ಮ ಹಳೆಯ ಪುಸ್ತಕಗಳನ್ನು ಹೊರಗೆ ತೆಗೆದರು. ಒಂದೊಂದು ವರ್ಷಕ್ಕೆ ಒಂದೊಂದು ನೋಟ್‌ಬುಕ್. ಬಂದ ಪ್ರತಿಯೊಬ್ಬರ ಹೆಸರು, ಊರು, ಹುಟ್ಟಿದ ದಿನಾಂಕ, ಎತ್ತರ, ಎದೆ, ಓಟದ ಹೊತ್ತು, ಕೊನೆಗೆ ಏನಾಯಿತು ಎಂಬ ಒಂದು ಮಾತು. ನನ್ನನ್ನು ಕರೆದು, "ಎತ್ರ ಸಾಲ್ದೆ ಮನೆಗೋದೋರ್ನೆಲ್ಲ ಎತ್ತಮ್ಮ. ಆಯಾ ವರ್ಸದ್ದು ನೇವಿ, ಏರ್‌ಫೋರ್ಸು ಅಳತೆ ಪಕ್ಕದಲ್ಲಿಟ್ಕಂಡು ನೋಡು. ಇವ್ನೊಬ್ನೇನಾ, ಇನ್ನೂ ಜನ ಅವ್ರಾ?" ಅಂದರು.

ಎರಡು ಭಾನುವಾರ ಬೇಕಾಯಿತು. ಹಳೆಯ ಪ್ರಕಟಣೆಗಳನ್ನು ಹುಡುಕಿ ತಂದು, ವಯಸ್ಸು ಮತ್ತು ಓದು ಕೂಡ ಸರಿಹೋಗುತ್ತಿದ್ದವರನ್ನು ಮಾತ್ರ ಹಿಡಿದೆವು. ಅವರು ಹೆಸರು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಕೆಲವು ಹೆಸರಿಗೆ ಮುಖ ನೆನಪಾಗಿ ನಿಲ್ಲಿಸುತ್ತಿದ್ದರು. "ಇವ್ನು ಬೂಟು ವಾಪಸ್ ತಂದಾಕ್ದ ಕಣಮ್ಮ, ಸೇರ್ಲಿಲ್ಲ ಅಂದ್ರೂವೆ." ಎರಡನೆಯ ಭಾನುವಾರ ಊಟದ ಹೊತ್ತಿಗೆ ಪಟ್ಟಿ ಮುಗಿಯಿತು. ಅದನ್ನು ಅವರು ಎರಡು ಸಲ ಓದಿದರು. "ಈಜು ಬರ್ದೋನು ದೇಸಕ್ಕೆ ಯಾವ್ದು ಮುಖ್ಯ ಅಂತ ಯೋಳ್ದೆ. ನನ್ ಮಾತ ಕೇಳಿದ್ರಲ್ಲ ಪಾಪ ಇವ್ರು" ಅಂದರು. ಆ ಮಾತಿಗೆ ನಾನು ಸಮಾಧಾನ ಹೇಳಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ.

ಬೀಳ್ಕೊಡುಗೆಯ ದಿನ ಈ ಗ್ರಂಥದ ಸಮಿತಿಯವರು ಲೇಖನ ಕೇಳಿದರು. ಪಟ್ಟಿಯ ವಿಷಯ ಬರೆಯುತ್ತೇನೆ ಎಂದಾಗ, ಸಂತೋಷದ ಸಂದರ್ಭದಲ್ಲಿ ಇದೆಲ್ಲ ಯಾಕೆ ಎಂದು ಕೆಲವರು ಮುಖ ಸಿಂಡರಿಸಿದ್ದು ಸಹಜವೇ. ಮೇಷ್ಟ್ರು ಸಮಿತಿಯ ಅಧ್ಯಕ್ಷರಾದ ಶಿವಣ್ಣನವರ ಮನೆಗೆ ಹೋಗಿ, "ಅದು ಇಲ್ದಿದ್ರೆ ನಂಗೆ ಪುಸ್ತಕನೇ ಬ್ಯಾಡ ಶಿವಣ್ಣ, ಊವಿನ ಆರ ಒಂದು ಸಾಕು" ಎಂದು ಹೇಳಿ ಬಂದರು. ಆದ್ದರಿಂದ ಇದು ಇಲ್ಲಿದೆ.

ಭೂಸೇನೆ ದೊಡ್ಡದೋ ನೌಕಾಪಡೆ ದೊಡ್ಡದೋ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಬಹುಶಃ ಆ ಪ್ರಶ್ನೆಯನ್ನು ದೇಶ ಕೇಳಿಕೊಳ್ಳುವುದೂ ಇಲ್ಲ; ಅದಕ್ಕೆ ಮೂರೂ ಬೇಕು, ಯಾವುದರ ಸರದಿ ಯಾವಾಗ ಬರುತ್ತದೋ ಅದಕ್ಕೂ ತಿಳಿದಿರುವುದಿಲ್ಲ. ಪ್ರಶ್ನೆ ಇದ್ದದ್ದು ನಮ್ಮ ಮಕ್ಕಳಿಗೆ. ಯಾವ ಪಡೆಯ ಬಾಗಿಲು ತಮ್ಮ ಎತ್ತರಕ್ಕಿದೆ ಎಂಬುದು ಅವರಿಗೆ ಬೇಕಾಗಿದ್ದ ಉತ್ತರ. ದೇಶದ ಪ್ರಶ್ನೆಗೆ ಉತ್ತರ ಹೇಳುವ ಉತ್ಸಾಹದಲ್ಲಿ ನಾವು ಅವರ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ.

ಸಿದ್ದರಾಮು ಅವರು ಈಗಲೂ ಶನಿವಾರ ಮಧ್ಯಾಹ್ನ ಸೈಬರ್ ಅಂಗಡಿಗೆ ಬರುತ್ತಾರೆ. ಮೂರೂ ಪಡೆಗಳ ಪ್ರಕಟಣೆಯನ್ನು ಗೋಡೆಗೆ ಅಂಟಿಸಿದ್ದಾರೆ. ಅರ್ಜಿಯಲ್ಲಿ ಮಕ್ಕಳದೇ ಮೊಬೈಲ್ ಸಂಖ್ಯೆ ಇರಬೇಕು. ಅದನ್ನು ಬದಲಾಯಿಸಿದವನಿಗೆ ಸರಿಯಾಗಿ ಬೈಗುಳ ಬೀಳುತ್ತದೆ. ಮಳವಳ್ಳಿ ಕಡೆಯ ಪ್ರೌಢಶಾಲೆಗಳಿಗೂ ಬಸ್ಸು ಹತ್ತಿ ಹೋಗಿ ಇದನ್ನೇ ಹೇಳಿ ಬರುತ್ತಾರೆ. ಅರವತ್ತು ತುಂಬಿದ ಮೇಲೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡು ತಿರುಗುವುದು ಸುಲಭದ ಕೆಲಸವಲ್ಲ. ಆ ಕೆಲಸ ಇನ್ನೂ ಬಹಳ ಉಳಿದಿದೆ. ಅದಕ್ಕೆ ಬೇಕಾದಷ್ಟು ವರ್ಷ, ಬಸ್ಸು ಹತ್ತಿ ಇಳಿಯುವ ಕಾಲು, ಬೈಯಲು ಗಟ್ಟಿ ಗಂಟಲು ಅವರಿಗೆ ಇರಲಿ ಎಂದು ಶಿಷ್ಯೆಯಾಗಿಯೂ ಸಹೋದ್ಯೋಗಿಯಾಗಿಯೂ ಹಾರೈಸುತ್ತೇನೆ.

ಅವರು ಕೇಳಿದ ಹಾಗೆ ಪಟ್ಟಿಯ ಸಾರಾಂಶವನ್ನು ಕೆಳಗೆ ಕೊಟ್ಟಿದ್ದೇನೆ.

ಇಪ್ಪತ್ತೇಳು ವರ್ಷಗಳಲ್ಲಿ ಭೂಸೇನೆಗೆ ಸೇರಿದವರು ನೂರ ಎಂಬತ್ತೇಳು. ನೌಕಾಪಡೆಗೆ ಸೇರಿದವರು ಇಲ್ಲ. ವಾಯುಪಡೆಗೆ ಸೇರಿದವರು ಇಲ್ಲ. ಎತ್ತರ ಸಾಲದೆ ಮನೆಗೆ ಹೋದವರು ಅರವತ್ತಮೂರು. ಅವರಲ್ಲಿ ಇನ್ನೆರಡು ಪಡೆಗಳ ಅಳತೆಗೆ ಸರಿಹೊಂದುತ್ತಿದ್ದವರು ನಲವತ್ತೊಂದು. ಇನ್ನೂ ವಯಸ್ಸು ಉಳಿದಿರುವವರು ಇಬ್ಬರು. ಅವರ ಅರ್ಜಿ ಹೋಗಿದೆ. ವಯಸ್ಸು ಮುಗಿದವರು ಮೂವತ್ತೊಂಬತ್ತು.